ಮತ್ತೆ ರೆಂಡರ್ ಮಾಡದೆ ವಿಡಿಯೋದ ಆಕಾರ ಸರಿಮಾಡೋದು ಹೇಗೆ? ಮದುವೆ ಟೇಪಿನ 43 ಫೈಲ್, ಎಲ್ಲರ ಮುಖವೂ ಉದ್ದ

ಸಾಗರದ_ಶ್ರೀಧರ
ಎಲ್ಲರಿಗೂ ನಮಸ್ಕಾರ. ಮಿನಿಡಿವಿ ಟೇಪಿನಿಂದ ಇಳಿಸಿದ 43 ಫೈಲ್ ಇವೆ. ಎಲ್ಲವೂ ಎಂಪಿ4, ಎಚ್.264, 720×576, ಸೆಕೆಂಡಿಗೆ 25 ಫ್ರೇಮ್, ಇಂಟರ್‌ಲೇಸ್ಡ್ (ಒಂದು ಫ್ರೇಮ್ ಅಂದರೆ ಫೀಲ್ಡ್ ಅನ್ನೋ ಎರಡು ಅರ್ಧ ಚಿತ್ರ). ಶೂಟ್ ಆಗಿದ್ದು ವೈಡ್‌ಸ್ಕ್ರೀನಿನಲ್ಲಿ. ಪ್ಲೇ ಮಾಡಿದರೆ 4:3 ಆಗಿ ಕಾಣುತ್ತೆ: ಜನ ತೆಳ್ಳಗೆ, ಮುಖ ಉದ್ದ, ಮಂಟಪದ ಬಾಳೆಕಂಬ ಅಡಿಕೆ ಮರದಷ್ಟು ಸಪೂರ. ಟೇಪ್ ಇಳಿಸಿಕೊಟ್ಟವರು "ಎಲ್ಲಾ ಮತ್ತೆ ರೆಂಡರ್ ಹಾಕಬೇಕು", ಅಂದರೆ ಹೊಸದಾಗಿ ಎನ್‌ಕೋಡ್ ಮಾಡಬೇಕು ಅಂತಾರೆ. ಹಾಗೆ ಮಾಡಿದರೆ ಮೊದಲೇ ಸಾಧಾರಣವಾಗಿರುವ ಚಿತ್ರ ಇನ್ನಷ್ಟು ಮಸುಕಾಗುತ್ತೆ. ಚಿತ್ರ ಮುಟ್ಟದೆ ಆಕಾರ ಮಾತ್ರ ಬದಲಿಸೋಕೆ ದಾರಿ ಇದೆಯಾ? ಕೊನೆಗೆ ನೋಡೋದು ಪೆನ್‌ಡ್ರೈವ್ ಹಾಕಿ ಟಿವಿಯಲ್ಲಿ.

ಪಿಕ್ಸೆಲ್_ಪ್ರಿಯ
ರೆಂಡರ್ ಬೇಡವೇ ಬೇಡ. ಫೈಲಿನ ವಿವರ ತೋರಿಸೋ ಮೀಡಿಯಾಇನ್ಫೋ ತಂತ್ರಾಂಶದಲ್ಲಿ ಒಂದು ಫೈಲ್ ತೆರೆದು ಡಿಸ್‌ಪ್ಲೇ ಆಸ್ಪೆಕ್ಟ್ ರೇಶಿಯೋ (ತೋರಿಸೋ ಚಿತ್ರದ ಅಗಲ-ಎತ್ತರದ ಅನುಪಾತ) ಸಾಲು ಏನು ಹೇಳುತ್ತೆ ನೋಡಿ. "ಒರಿಜಿನಲ್ ಡಿಸ್‌ಪ್ಲೇ ಆಸ್ಪೆಕ್ಟ್ ರೇಶಿಯೋ" ಅಂತ ಎರಡನೇ ಸಾಲು ಇದ್ದರೆ ಅದನ್ನೂ ಹಾಕಿ.

ಧಾರವಾಡದ_ವೀರು
ಅಲ್ರೀ, ಯಾಕ ಇಷ್ಟು ತಲಿಕೆಡಿಸ್ಕೋತೀರಿ? ಹ್ಯಾಂಡ್‌ಬ್ರೇಕ್ ಅನ್ನೂ ಎನ್‌ಕೋಡ್ ತಂತ್ರಾಂಶದಾಗ 43 ಫೈಲ್ ಸಾಲಾಗಿ ಹಾಕಿ ರಾತ್ರಿ ಬಿಟ್ಟು ಮಲಗ್ರಿ. ಮುಂಜಾನೆ ಎದ್ದ್ ನೋಡೂದ್ರಾಗ ಆಗಿರ್ತದ.

ಕೋಡೆಕ್_ಕಾವ್ಯ
ವೀರು ಅವರೇ, ಇಲ್ಲಿ ಅದು ನಷ್ಟದ ದಾರಿ. ಇಂಟರ್‌ಲೇಸ್ಡ್ ಫೈಲನ್ನು ಹ್ಯಾಂಡ್‌ಬ್ರೇಕ್‌ಗೆ ಕೊಟ್ಟರೆ ಡೀಇಂಟರ್‌ಲೇಸ್ ಮಾಡೋ (ಇಂಟರ್‌ಲೇಸ್ ತೆಗೆದು ಪೂರ್ತಿ ಫ್ರೇಮ್ ಮಾಡೋ) ಸಾಧ್ಯತೆಯೇ ಹೆಚ್ಚು. ಅದು 25 ಫ್ರೇಮ್‌ಗೆ ಇಳಿದರೆ ಸೆಕೆಂಡಿಗೆ 50 ಫೀಲ್ಡ್‌ನ ನಯವಾದ ಚಲನೆ ಹೋಯಿತು, ಮತ್ತೆ ವಾಪಸ್ ಬರಲ್ಲ. ಮೇಲೆ ಇನ್ನೊಂದು ಸುತ್ತು ಕಂಪ್ರೆಶನ್. ಆಕಾರ ಅನ್ನೋದು ಚಿತ್ರದೊಳಗೆ ಇರೋ ವಿಷಯವೇ ಅಲ್ಲ, ಫೈಲಿನ ತಲೆಯಲ್ಲಿ ಬರೆದ ಒಂದು ಅಂಕಿ ಅಷ್ಟೆ. ಅಂಕಿ ತಪ್ಪಿದ್ದರೆ ಅಂಕಿ ತಿದ್ದಬೇಕು.

ಧಾರವಾಡದ_ವೀರು
ಅಂಕಿ ತಿದ್ದೂದು ನನಗೂ ಗೊತ್ತದರೀ. ಎಫ್ಎಫ್ಎಂಪೆಗ್ ಅನ್ನೂ ಆಜ್ಞೆ ಟೈಪ್ ಮಾಡೂ ತಂತ್ರಾಂಶದಾಗ ಆಸ್ಪೆಕ್ಟ್ 16:9 ಅಂತ ಕೊಟ್ಟು ಕಾಪಿ ಹೊಡದ್ರ ಮುಗೀತು. ಆದ್ರ ಎಷ್ಟೋ ಟಿವಿ ಅದನ್ನ ಕೇಳೂದಿಲ್ಲ. ಅದಕ್ಕ ರೆಂಡರ್ ಅಂದೆ.

ಸಾಗರದ_ಶ್ರೀಧರ
ಮೀಡಿಯಾಇನ್ಫೋ ನೋಡಿದೆ. ಡಿಸ್‌ಪ್ಲೇ ಆಸ್ಪೆಕ್ಟ್ ರೇಶಿಯೋ 4:3. ಎರಡನೇ ಸಾಲು ಇಲ್ಲ.

ಕೋಡೆಕ್_ಕಾವ್ಯ
ಎರಡನೇ ಸಾಲು ಇಲ್ಲ ಅಂದರೆ ಒಳಗೂ ಹೊರಗೂ ಒಂದೇ ತಪ್ಪು ಬರೆದಿದೆ ಅಂತ ಇಟ್ಟುಕೊಳ್ಳಿ. ಟಿವಿ ಕೇಳಲ್ಲ ಅಂತ ವೀರು ಹೇಳಿದ್ದಕ್ಕೂ ಉತ್ತರ ಇಲ್ಲೇ ಇದೆ, ಸ್ವಲ್ಪ ಬಿಡಿಸಿ ಹೇಳ್ತೀನಿ.

ಆಕಾರದ ಅಂಕಿ ಎರಡು ಕಡೆ ಇರುತ್ತೆ. ಒಂದು ಡಬ್ಬಿಯ ಮೇಲೆ, ಅಂದರೆ ಎಂಪಿ4 ಅಥವಾ ಎಂಕೆವಿ ಕಂಟೇನರಿನಲ್ಲಿ. ಇನ್ನೊಂದು ಡಬ್ಬಿಯೊಳಗಿನ ಸರಕಿನಲ್ಲಿ, ಅಂದರೆ ಎಚ್.264 ಸ್ಟ್ರೀಮಿನ ಎಸ್‌ಪಿಎಸ್ ಅನ್ನೋ ಹೆಡರಿನಲ್ಲಿ. ಕಂಪ್ಯೂಟರ್ ಪ್ಲೇಯರುಗಳು ಸಾಮಾನ್ಯವಾಗಿ ಡಬ್ಬಿಯ ಮಾತು ಕೇಳುತ್ತವೆ. ಟಿವಿಯೊಳಗಿನ ಡಿಕೋಡರ್ ಚಿಪ್ ಬಹಳ ಸಲ ಸ್ಟ್ರೀಮಿನ ಮಾತು ಕೇಳುತ್ತೆ. ಬರೀ ಆಸ್ಪೆಕ್ಟ್ ಕೊಟ್ಟು ಕಾಪಿ ಹೊಡೆದರೆ ಬದಲಾಗೋದು ಡಬ್ಬಿ ಮಾತ್ರ. ಒಳಗೆ 4:3 ಹಾಗೇ ಕೂತಿರುತ್ತೆ. ಕಂಪ್ಯೂಟರಿನಲ್ಲಿ ಸರಿ, ಟಿವಿಯಲ್ಲಿ ತಪ್ಪು ಅನ್ನೋ ದೂರಿಗೆ ಮುಖ್ಯ ಕಾರಣ ಇದೇ. ಎರಡನ್ನೂ ಒಂದೇ ಅಂಕಿಗೆ ತರಬೇಕು.

ಸ್ಟ್ರೀಮಿನಲ್ಲಿ 16:9 ಅಂತ ಬರೆಯಲ್ಲ, ಒಂದು ಪಿಕ್ಸೆಲ್ ಎಷ್ಟು ಅಗಲ ಎಷ್ಟು ಎತ್ತರ ಅಂತ ಬರೆಯುತ್ತೆ. ಪಾಲ್ (ನಮ್ಮ ದೇಶದ ಟಿವಿ ಪದ್ಧತಿ) ಟೇಪಿನ 720×576ಕ್ಕೆ:

4:3 ಬೇಕಿದ್ದರೆ ಪಿಕ್ಸೆಲ್ 16:15. 720 × 16/15 = 768. ಅಂದರೆ 768×576.
16:9 ಬೇಕಿದ್ದರೆ ಪಿಕ್ಸೆಲ್ 64:45. 720 × 64/45 = 1024. ಅಂದರೆ 1024×576.

ಆಜ್ಞೆ ಹೀಗೆ. ಇಲ್ಲಿ ಕನ್ನಡ ಅಕ್ಷರದಲ್ಲಿದೆ, ಟರ್ಮಿನಲ್‌ನಲ್ಲಿ ಇದನ್ನೇ ಇಂಗ್ಲಿಷ್ ಸಣ್ಣಕ್ಷರದಲ್ಲಿ ಟೈಪ್ ಮಾಡಿ:

ಎಫ್ಎಫ್ಎಂಪೆಗ್ -ಐ ಹಳೆ.ಎಂಪಿ4 -ಮ್ಯಾಪ್ 0 -ಸಿ ಕಾಪಿ -ಆಸ್ಪೆಕ್ಟ್ 16:9 -ಬಿಎಸ್ಎಫ್:ವಿ ಎಚ್264_ಮೆಟಾಡೇಟಾ=ಸ್ಯಾಂಪಲ್_ಆಸ್ಪೆಕ್ಟ್_ರೇಶಿಯೋ=64/45 ಹೊಸ.ಎಂಪಿ4

"ಸಿ ಕಾಪಿ" ಅಂದರೆ ಎನ್‌ಕೋಡ್ ಬೇಡ, ಇದ್ದ ಹಾಗೇ ಎತ್ತಿಡು. "ಆಸ್ಪೆಕ್ಟ್" ಡಬ್ಬಿಗೆ. "ಬಿಎಸ್ಎಫ್" ಇರೋದು ಸ್ಟ್ರೀಮಿನ ಹೆಡರಿಗೆ. "ಮ್ಯಾಪ್ 0" ಬಿಡಬೇಡಿ. ಬಿಟ್ಟರೆ ಒಂದು ವಿಡಿಯೋ, ಒಂದು ಆಡಿಯೋ ಮಾತ್ರ ಬರುತ್ತೆ, ಎರಡನೇ ಆಡಿಯೋ ಟ್ರ್ಯಾಕ್ ಇದ್ದರೆ ಸದ್ದಿಲ್ಲದೆ ಮಾಯ. ಹಳೆ ಫೈಲಿಗೂ ಹೊಸ ಫೈಲಿಗೂ ಒಂದೇ ಹೆಸರು ಇರಬಾರದು.

ಎಷ್ಟು ಹೊತ್ತು ಬೇಕು ಅಂದರೆ, ಫೈಲನ್ನು ಒಂದು ಫೋಲ್ಡರಿನಿಂದ ಇನ್ನೊಂದಕ್ಕೆ ಕಾಪಿ ಮಾಡುವಷ್ಟೇ ಹೊತ್ತು.

ಹೊಸಬ_ರವಿ
ಎಂಪಿ4 ಬದಲು ಎಂಕೆವಿ ಇದ್ದರೆ ಕಾಪಿಯೂ ಬೇಡ ಅಲ್ವಾ? ಡಿಸ್‌ಪ್ಲೇ ವಿಡ್ತ್ 16, ಹೈಟ್ 9 ಅಂತ ಹಾಕಿ ಸೇವ್ ಮಾಡಿದರೆ ಸಾಕು ಅಂತ ಎಲ್ಲೋ ಓದಿದ್ದೆ.

ಪಿಕ್ಸೆಲ್_ಪ್ರಿಯ
ಕಾಪಿ ಬೇಡ ಅನ್ನೋದು ನಿಜ, 16 ಮತ್ತು 9 ಅನ್ನೋದು ತಪ್ಪು. ಆ ಎರಡು ಜಾಗದ ಅಳತೆ ಮೊದಲಿನಿಂದ ಪಿಕ್ಸೆಲ್ ಲೆಕ್ಕದಲ್ಲಿರುತ್ತೆ. 16 ಮತ್ತು 9 ಹಾಕಿದರೆ ಕೆಲವು ಪ್ಲೇಯರ್ ಚಿತ್ರದ ಅಳತೆಯೇ 16×9 ಪಿಕ್ಸೆಲ್ ಅಂದುಕೊಂಡು ಬೆರಳುಗುರಿನಷ್ಟು ಕಿಟಕಿ ತೆರೆಯುತ್ತವೆ. 1024 ಮತ್ತು 576 ಹಾಕಿ. ಬರೀ ಅನುಪಾತವೇ ಹಾಕಬೇಕು ಅಂದರೆ ಡಿಸ್‌ಪ್ಲೇ ಯೂನಿಟ್ ಅನ್ನೋ ಜಾಗದಲ್ಲಿ 3 ಇರಬೇಕು. ಅದನ್ನು ಎಲ್ಲ ಪ್ಲೇಯರೂ ಗೌರವಿಸಲ್ಲ, ಪಿಕ್ಸೆಲ್ ಲೆಕ್ಕವೇ ಕ್ಷೇಮ.

ಎಂಕೆವಿಟೂಲ್‌ನಿಕ್ಸ್ ತೆರೆಯಿರಿ, ಎಡಗಡೆ ಹೆಡರ್ ಎಡಿಟರ್. ಫೈಲ್ ಎಳೆದು ಹಾಕಿ, ವಿಡಿಯೋ ಟ್ರ್ಯಾಕ್ ಬಿಡಿಸಿ, "ವಿಡಿಯೋ ಡಿಸ್‌ಪ್ಲೇ ವಿಡ್ತ್" ಒತ್ತಿ. ಆ ಜಾಗ ಫೈಲಿನಲ್ಲಿ ಇಲ್ಲದಿದ್ದರೆ ಸೇರಿಸೋ ಆಯ್ಕೆ ಅಲ್ಲೇ ತೋರಿಸುತ್ತೆ. 1024 ಬರೆದು, ಹೈಟ್‌ನಲ್ಲಿ 576 ಬರೆದು ಸೇವ್. 10 ಜಿಬಿ ಫೈಲಾದರೂ ಕಣ್ಣು ಮಿಟುಕಿಸೋದರಲ್ಲಿ ಮುಗಿಯುತ್ತೆ, ಯಾಕಂದರೆ ಬದಲಾಗೋದು ಕೆಲವೇ ಬೈಟ್. ಇದು ಅದೇ ಫೈಲಿನ ಮೇಲೆ ಬರೆಯುತ್ತೆ, ಬ್ಯಾಕಪ್ ಇಡಲ್ಲ. ಮೊದಲು ಒಂದು ಫೈಲಿನ ನಕಲು ಮಾಡಿಕೊಂಡು ಪ್ರಯೋಗ ಮಾಡಿ.

ಕರಾವಳಿ_ಎಡಿಟರ್
ಎಂಪಿ4ನಲ್ಲಿ ಡಬ್ಬಿ ಮಾತ್ರ ತಿದ್ದಲಿಕ್ಕೆ ಎಂಪಿ4ಬಾಕ್ಸ್ ಕೂಡ ಉಂಟು. ಪಾರ್ (ಪಿಕ್ಸೆಲ್ ಆಕಾರ) ಆಯ್ಕೆಗೆ 1=64:45 ಅಂತ ಕೊಟ್ಟರೆ ಅದೇ ಫೈಲಿನಲ್ಲಿ ತಿದ್ದುತ್ತದೆ. ಆ 1 ಅಂದರೆ ಟ್ರ್ಯಾಕ್ ಸಂಖ್ಯೆ. ವಿಡಿಯೋ ಯಾವಾಗಲೂ 1 ಆಗಿರಬೇಕು ಅಂತ ಇಲ್ಲ, ಮೊದಲು ಇನ್ಫೋ ಕೊಟ್ಟು ನೋಡಿ.

ಮೈಸೂರು_ಟೇಪುಗಾರ
ಎಲ್ಲರೂ ಅವಸರ ಮಾಡ್ತಾ ಇದ್ದೀರ. ಚಿತ್ರ ನಿಜವಾಗಿ 16:9 ಹೌದೋ ಅಲ್ಲವೋ ಅಂತ ಯಾರೂ ಕೇಳಲಿಲ್ಲ. ಟೇಪಿನ ಕಾಲದ ಕ್ಯಾಮೆರಾಗಳಲ್ಲಿ "ವೈಡ್" ಅನ್ನೋದು ಎರಡು ಥರ ಇತ್ತು. ಒಂದು, ಅಗಲದ ಚಿತ್ರವನ್ನು ಅಡ್ಡಲಾಗಿ ಅದುಮಿ 720×576ರ ಪೂರ್ತಿ ತುಂಬಿಸೋದು. ಪ್ಲೇ ಮಾಡುವಾಗ ಹಿಗ್ಗಿಸಬೇಕು. ಇನ್ನೊಂದು, ಸಿನಿಮಾ ಮೋಡ್ ಅಂತ ಕರೀತಿದ್ದದ್ದು. ಚಿತ್ರ ಸಾಮಾನ್ಯ 4:3, ಮೇಲೆ ಕೆಳಗೆ ಕಪ್ಪು ಪಟ್ಟಿ ಬಳಿದಿರುತ್ತೆ ಅಷ್ಟೆ. ಎರಡನೆಯದಕ್ಕೆ 16:9 ಬರೆದರೆ ಜನ ದಪ್ಪ ಆಗ್ತಾರೆ.

ಪರೀಕ್ಷೆ ಸುಲಭ. ಕ್ಯಾಮೆರಾಗೆ ನೇರ ಎದುರಾಗಿರೋ ದುಂಡನೆ ವಸ್ತು ಹುಡುಕಿ. ಛತ್ರದ ಗೋಡೆ ಗಡಿಯಾರ ಅತ್ಯುತ್ತಮ. ಆರತಿ ತಟ್ಟೆ ಬೇಡ, ಅದು ಕೈಯಲ್ಲಿ ಓರೆಯಾಗಿರುತ್ತೆ. ಎಫ್ಎಫ್ಎಂಪೆಗ್‌ನಿಂದ ಆ ಫ್ರೇಮನ್ನು ಪಿಎನ್‌ಜಿ ಆಗಿ ತೆಗೆಯಿರಿ, 720×576 ಆಗಿಯೇ ಬರುತ್ತೆ. ಪೇಂಟ್‌ನಲ್ಲಿ ತೆರೆದು ಗಡಿಯಾರದ ಅಗಲ ಎತ್ತರ ಅಳೆಯಿರಿ. ಎತ್ತರ 128 ಇದ್ದು ಅಗಲ 90 ಬಂದರೆ, 128 ಭಾಗಿಸು 90 ಅಂದರೆ 1.42, ಅದು 64:45. ಚಿತ್ರ ಅದುಮಿದ 16:9. ಎತ್ತರ 128, ಅಗಲ 120 ಬಂದರೆ 1.07, ಅದು 16:15. ಚಿತ್ರ 4:3, ಹಣೆಪಟ್ಟಿ ಸರಿಯಾಗೇ ಇದೆ, ಮುಟ್ಟಬೇಡಿ. ಎರಡು ಉತ್ತರಗಳ ನಡುವೆ ಇಷ್ಟು ಅಂತರ ಇರೋದರಿಂದ ಅಳತೆಯಲ್ಲಿ ಎರಡು ಮೂರು ಪಿಕ್ಸೆಲ್ ಹೆಚ್ಚು ಕಮ್ಮಿ ಆದರೂ ಗೊಂದಲ ಆಗಲ್ಲ.

ಪಿಕ್ಸೆಲ್_ಪ್ರಿಯ
ಅಷ್ಟು ಅಳೆಯೋಕೆ ಬೇಜಾರಾದರೆ ವಿಎಲ್‌ಸಿಯಲ್ಲಿ ಪ್ಲೇ ಮಾಡುವಾಗ ಎ ಕೀ ಒತ್ತುತ್ತಾ ಹೋಗಿ, ಒಂದೊಂದೇ ಅನುಪಾತ ಬದಲಾಗುತ್ತೆ. ಎಂಪಿವಿಯಲ್ಲಾದರೆ ಶಿಫ್ಟ್ ಜೊತೆ ಎ. ಫೈಲಿಗೆ ಏನೂ ಆಗಲ್ಲ.

ಮೈಸೂರು_ಟೇಪುಗಾರ
ಕಣ್ಣಳತೆಗೆ ಅದು ಸಾಕು. ಇನ್ನೊಂದು ವಿಷಯ. ಕಾವ್ಯ ಮೇಡಂ 16:15 ಮತ್ತು 64:45 ಕೊಟ್ಟರು. ಶಾಸ್ತ್ರ ನೋಡಿದರೆ 12:11 ಮತ್ತು 16:11 ಸರಿ. ಟೇಪಿನ 720ರಲ್ಲಿ ನಿಜವಾದ ಚಿತ್ರದ ಅಗಲ 704ರ ಹತ್ತಿರ, ಎರಡು ಬದಿಗೂ 8 ಪಿಕ್ಸೆಲ್ ಅಂಚು. 704 × 16/11 = 1024. ಪೂರ್ತಿ 720ಕ್ಕೆ ಲೆಕ್ಕ ಹಾಕಿದರೆ 1047 ಬರುತ್ತೆ.

ಕೋಡೆಕ್_ಕಾವ್ಯ
ನಿಮ್ಮ ಲೆಕ್ಕ ಒಪ್ಪುತ್ತೀನಿ ಸರ್, ವ್ಯತ್ಯಾಸ ಶೇ. 2.3ರಷ್ಟು. ಆದರೆ 16:11 ಬರೆದರೆ ಒಟ್ಟು ಆಕಾರ 1.82 ಆಗಿ, 16:9 ಟಿವಿಯಲ್ಲಿ ಮೇಲೆ ಕೆಳಗೆ ಕೂದಲೆಳೆಯಷ್ಟು ಕಪ್ಪು ಪಟ್ಟಿ ಬರುತ್ತೆ. ಕೆಲವು ಟಿವಿ ಅದನ್ನು ನೋಡಿ ತಾನೇ ಜೂಮ್ ಮಾಡಿಬಿಡುತ್ತೆ. ಮನೆಯವರು ನೋಡೋ ಪ್ರತಿಗೆ 64:45 ಸಾಕು. ಸಂಗ್ರಹಕ್ಕೆ ಇಡೋ ಪ್ರತಿಗೆ ನಿಮ್ಮ ಅಂಕಿ ಹಾಕಲಿ.

ಮೈಸೂರು_ಟೇಪುಗಾರ
ಸಂಗ್ರಹದ ಪ್ರತಿ ಅಂದರೆ ಮೂಲ ಡಿವಿ ಫೈಲ್, ಈ ಎಂಪಿ4 ಅಲ್ಲ. ಅದು ಗಂಟೆಗೆ ಸುಮಾರು 13 ಜಿಬಿ ಆಗುತ್ತೆ. ಶ್ರೀಧರ್, ಇಳಿಸಿದವರ ಹತ್ತಿರ ಆ ಫೈಲುಗಳು ಇದ್ದರೆ ಅಳಿಸೋ ಮುಂಚೆ ಕೇಳಿ ಇಸ್ಕೊಳ್ಳಿ. ಇದು ನಿಮ್ಮ ಪ್ರಶ್ನೆಗಿಂತ ಮುಖ್ಯ.

ನ್ಯೂಜೆರ್ಸಿ_ನಾಗು
ಇಲ್ಲಿ ಅಮೆರಿಕದಲ್ಲಿ ರೆಕಾರ್ಡ್ ಆದ ಟೇಪ್ ಇರೋರಿಗೆ ಒಂದು ಮಾತು: ಮೇಲಿನ ಅಂಕಿ ಹಾಕಬೇಡಿ. ಇಲ್ಲಿಯ ಟಿವಿ ಪದ್ಧತಿ ಎನ್‌ಟಿಎಸ್‌ಸಿ, 720×480. 4:3ಕ್ಕೆ ಪಿಕ್ಸೆಲ್ 8:9, 640×480 ಆಗುತ್ತೆ. 16:9ಕ್ಕೆ 32:27, ಸುಮಾರು 853×480. ಊರಿಂದ ತಂದದ್ದು ಪಾಲ್, ಇಲ್ಲಿಯದು ಎನ್‌ಟಿಎಸ್‌ಸಿ, ಎರಡೂ ಒಂದೇ ಫೋಲ್ಡರಿನಲ್ಲಿದ್ದರೆ ಎತ್ತರ ನೋಡಿ ಬೇರೆ ಮಾಡಿ.

ಸಾಗರದ_ಶ್ರೀಧರ
ಗಡಿಯಾರ ಸಿಕ್ಕಿತು. ಎತ್ತರ 101, ಅಗಲ 71. 1.42! ಹಾಗಾದರೆ ಅದುಮಿದ 16:9. ಆದರೆ ಎಲ್ಲಾ ಫೈಲ್ ಹಾಗಿಲ್ಲ. 11 ಫೈಲಿನಲ್ಲಿ ಮೇಲೆ ಕೆಳಗೆ ಕಪ್ಪು ಪಟ್ಟಿ ಇದೆ. ಅವು ಟೇಪುಗಾರ್ ಸರ್ ಹೇಳಿದ ಸಿನಿಮಾ ಮೋಡ್ ಇರಬೇಕು. ಅವನ್ನು ಏನು ಮಾಡಲಿ? ಟಿವಿಯಲ್ಲಿ ನಾಲ್ಕೂ ಕಡೆ ಕಪ್ಪು, ನಡುವೆ ಅಂಚೆಚೀಟಿ ಥರ ಚಿತ್ರ.

ಧಾರವಾಡದ_ವೀರು
ಇದಕ್ಕರೆ ರೆಂಡರ್ ಬೇಕ ಬೇಕಲ್ರೀ? ಪಟ್ಟಿ ಚಿತ್ರದಾಗ ಅದ. ಕ್ರಾಪ್ ಮಾಡಬೇಕಂದ್ರ ಹೊಸದಾಗಿ ಎನ್‌ಕೋಡ್ ಮಾಡಲೇಬೇಕು.

ಕೋಡೆಕ್_ಕಾವ್ಯ
ಬೇಡ. ಎಚ್.264ನಲ್ಲಿ "ಇಷ್ಟು ಸಾಲು ತೋರಿಸಬೇಡ" ಅಂತ ಹೇಳೋ ಜಾಗವೂ ಎಸ್‌ಪಿಎಸ್‌ನಲ್ಲೇ ಇದೆ. ಎಲ್ಲಾ 1080 ವಿಡಿಯೋ ನಡೆಯೋದೇ ಇದರ ಮೇಲೆ. ಎಚ್.264 ಚಿತ್ರವನ್ನು 16 ಪಿಕ್ಸೆಲ್ ಚೌಕಗಳಲ್ಲಿ ಇಡುತ್ತೆ, 1080 ಹದಿನಾರರಿಂದ ಭಾಗ ಆಗಲ್ಲ, ಹಾಗಾಗಿ ಒಳಗೆ ಇರೋದು 1088. ಕೊನೆಯ 8 ಸಾಲು ಮುಚ್ಚು ಅಂತ ಹೆಡರಿನಲ್ಲಿ ಬರೆದಿರುತ್ತೆ. ಅದೇ ಜಾಗವನ್ನು ನಾವು ಬಳಸಬಹುದು.

ಪಾಲ್ 4:3ರೊಳಗೆ 16:9 ಚಿತ್ರ ಅಂದರೆ 432 ಸಾಲು ಚಿತ್ರ, ಮೇಲೆ 72, ಕೆಳಗೆ 72. ಅದೇ ಎಚ್264_ಮೆಟಾಡೇಟಾ ಫಿಲ್ಟರಿಗೆ ಕ್ರಾಪ್_ಟಾಪ್=72, ಕ್ರಾಪ್_ಬಾಟಮ್=72, ನಡುವೆ ಕೋಲನ್ ಹಾಕಿ ಕೊಡಿ. ಹೊಸ ಫೈಲನ್ನು ಎಂಕೆವಿ ಆಗಿ ಬರೆಯಿರಿ. ಇಲ್ಲಿ ಎಡವೋ ಜಾಗ ಮೂರು.

ಇಂಟರ್‌ಲೇಸ್ಡ್ ಸ್ಟ್ರೀಮಿನಲ್ಲಿ ಮೇಲೆ ಕೆಳಗೆ ಮುಚ್ಚೋ ಸಾಲು 4ರ ಗುಣಕ ಆಗಿರಲೇಬೇಕು. 72 ಆಗುತ್ತೆ, 70 ಆಗಲ್ಲ. ಪ್ರೋಗ್ರೆಸಿವ್ (ಇಂಟರ್‌ಲೇಸ್ ಇಲ್ಲದ್ದು) ಆದರೆ 2ರ ಗುಣಕ ಸಾಕು.

ಪಿಕ್ಸೆಲ್ ಆಕಾರ 16:15 ಹಾಗೇ ಇರಲಿ. 720 × 16/15 = 768, 768×432 ಅಂದರೆ ಅದೇ 16:9. ಇಲ್ಲಿ 64:45 ಹಾಕಿದರೆ ಮತ್ತೆ ಹಿಗ್ಗುತ್ತೆ. ಅದೇ ಸಾಲಿನಲ್ಲಿ ಆಸ್ಪೆಕ್ಟ್ 16:9 ಕೂಡ ಕೊಡಬೇಡಿ, ಅದು ಹಳೆಯ 576ರ ಮೇಲೆ ಲೆಕ್ಕ ಹಾಕಿ ಡಬ್ಬಿಗೆ ತಪ್ಪು ಬರೆಯುತ್ತೆ. ಕ್ರಾಪ್ ಆದಮೇಲೆ ಹೆಡರ್ ಎಡಿಟರಿನಲ್ಲಿ ಪಿಕ್ಸೆಲ್ ಹೈಟ್ 432, ಡಿಸ್‌ಪ್ಲೇ 768 ಮತ್ತು 432 ಅಂತ ಕೈಯಾರೆ ಹಾಕಿ.

ಮೂರನೆಯದು ನಿಮಗೆ ಅನ್ವಯಿಸಲ್ಲ, ಆದರೆ 1080 ಫೈಲಿಗೆ ಇದನ್ನು ಮಾಡೋರು ಗಮನಿಸಿ: ಈ ಅಂಕಿ ಹಳೆಯದರ ಜೊತೆ ಕೂಡಲ್ಲ, ಹಳೆಯದನ್ನು ಅಳಿಸಿ ಕೂರುತ್ತೆ. ಕೆಳಗೆ 140 ಮುಚ್ಚಬೇಕಿದ್ದರೆ 148 ಕೊಡಬೇಕು. ಇಲ್ಲದಿದ್ದರೆ ಬಚ್ಚಿಟ್ಟ ಆ 8 ಸಾಲು ಲೆಕ್ಕ ತಪ್ಪಿಸುತ್ತೆ.

ಕರಾವಳಿ_ಎಡಿಟರ್
ಮಾರಾಯ್ರೇ, ಎಂಕೆವಿಯಲ್ಲೇ ಪಿಕ್ಸೆಲ್ ಕ್ರಾಪ್ ಟಾಪ್, ಬಾಟಮ್ ಅಂತ ಜಾಗ ಉಂಟಲ್ಲ. ಅಷ್ಟೆಲ್ಲ ಯಾಕೆ?

ಕೋಡೆಕ್_ಕಾವ್ಯ
ಇದೆ. ಅದನ್ನು ಓದೋ ಪ್ಲೇಯರುಗಳು ಕಮ್ಮಿ, ಟಿವಿಗಳಂತೂ ಇನ್ನೂ ಕಮ್ಮಿ. ಎಸ್‌ಪಿಎಸ್‌ನ ಕ್ರಾಪ್ ಪಾಲಿಸದ ಡಿಕೋಡರ್ ಇದ್ದರೆ ಎಲ್ಲ 1080 ವಿಡಿಯೋದ ಕೆಳಗೂ ಕಸದ ಸಾಲು ಕಾಣಬೇಕಾಗುತ್ತೆ. ಅದಕ್ಕೇ ಅದರ ಮೇಲೆ ನಂಬಿಕೆ ಜಾಸ್ತಿ.

ಧಾರವಾಡದ_ವೀರು
ಇದು ಗೊತ್ತಿರಲಿಲ್ಲ ನೋಡ್ರಿ. ಒಂದು ಫೈಲ್ ಮ್ಯಾಲೆ ಹಚ್ಚಿ ನೋಡಿದೆ. 72 ಕೊಟ್ರ ಬರೋಬ್ಬರಿ ಬಂತು. ಬೇಕಂತ 70 ಕೊಟ್ಟೆ, ಎರರ್ ಒಗದು ನಿಂತಬಿಟ್ತು. ರೆಂಡರ್ ಮಾತು ವಾಪಸ್ ತಗೊಂಡೆ.

ಹೊಸಬ_ರವಿ
ಮಧ್ಯೆ ಬಾಯಿ ಹಾಕ್ತೀನಿ, ಕ್ಷಮಿಸಿ. ಫೋನಿನಲ್ಲಿ ತೆಗೆದ ವಿಡಿಯೋ ಅಡ್ಡಡ್ಡ ಮಲಗಿದೆ. ಅದಕ್ಕೂ ಇದೇ ಥರ ಆಗುತ್ತಾ?

ಪಿಕ್ಸೆಲ್_ಪ್ರಿಯ
ಆಗುತ್ತೆ. ಫೋನ್ ಸೆನ್ಸರ್ ಯಾವಾಗಲೂ ಅಡ್ಡ ಚಿತ್ರವನ್ನೇ ಬರೆಯುತ್ತೆ, ಎಷ್ಟು ಡಿಗ್ರಿ ತಿರುಗಿಸಿ ತೋರಿಸಬೇಕು ಅನ್ನೋದನ್ನ ಎಂಪಿ4ನ ಟ್ರ್ಯಾಕ್ ಹೆಡರಿನಲ್ಲಿ ಬರೆದಿಡುತ್ತೆ. ಮೇಜಿನ ಮೇಲೆ ಊಟದೆಲೆಗೆ ನೇರವಾಗಿ ಫೋನ್ ಹಿಡಿದು ಶೂಟ್ ಶುರು ಮಾಡಿದರೆ ಆ ಅಂದಾಜು ತಪ್ಪುತ್ತೆ.

ಎಕ್ಸಿಫ್‌ಟೂಲ್‌ನಲ್ಲಿ ರೊಟೇಶನ್=90 ಅಂತ ಕೊಡಿ. ಹಳೆ ಫೈಲನ್ನು ಒರಿಜಿನಲ್ ಅನ್ನೋ ಬಾಲಂಗೋಚಿ ಸೇರಿಸಿ ಪಕ್ಕದಲ್ಲೇ ಉಳಿಸುತ್ತೆ. ಎಫ್ಎಫ್ಎಂಪೆಗ್ ಹೊಸ ಆವೃತ್ತಿಗಳಲ್ಲಿ ಡಿಸ್‌ಪ್ಲೇ_ರೊಟೇಶನ್ ಆಯ್ಕೆ ಇದೆ, ಅದನ್ನು ಇನ್‌ಪುಟ್ ಫೈಲಿನ ಹೆಸರಿಗಿಂತ *ಮುಂಚೆ* ಬರೆಯಬೇಕು. ಹಳೆಯ ಲೇಖನಗಳಲ್ಲಿರೋ ಮೆಟಾಡೇಟಾ ರೊಟೇಟ್=90 ಅನ್ನೋದನ್ನು ಹೊಸ ಆವೃತ್ತಿಗೆ ಕೊಟ್ಟು ಏನೂ ಆಗಲಿಲ್ಲ ಅಂತ ಬರೋರೇ ಹೆಚ್ಚು.

ಹೊಸಬ_ರವಿ
ಎಕ್ಸಿಫ್‌ಟೂಲ್‌ನಲ್ಲಿ 90 ಕೊಟ್ಟೆ, ಸರಿಯಾಯಿತು. ಇನ್ನೊಂದು ಫೈಲಿಗೆ ಎಫ್ಎಫ್ಎಂಪೆಗ್‌ನಲ್ಲಿ 90 ಕೊಟ್ಟರೆ ತಲೆಕೆಳಗಿನ ಕಡೆಗೆ ಹೋಯಿತು.

ಪಿಕ್ಸೆಲ್_ಪ್ರಿಯ
ಎಕ್ಸಿಫ್‌ಟೂಲ್ ಗಡಿಯಾರದ ಮುಳ್ಳಿನಂತೆ ಎಣಿಸುತ್ತೆ, ಎಫ್ಎಫ್ಎಂಪೆಗ್ ಅದಕ್ಕೆ ವಿರುದ್ಧ. ಅಲ್ಲಿ 90 ಅಂದದ್ದು ಇಲ್ಲಿ -90. ಇನ್ನೊಂದು, ಅಗ್ಗದ ಟಿವಿಗಳು ಈ ತಿರುವನ್ನು ನೋಡೋದೇ ಇಲ್ಲ. ಅಂಥ ಟಿವಿಗೆ ಮಾತ್ರ ನಿಜವಾಗಿ ಎನ್‌ಕೋಡ್ ಮಾಡಬೇಕಾಗುತ್ತೆ. ವಾಟ್ಸ್ಯಾಪಿನಲ್ಲಿ ಕಳಿಸೋದಾದರೆ ಡಾಕ್ಯುಮೆಂಟ್ ಆಗಿ ಕಳಿಸಿ, ವಿಡಿಯೋ ಆಗಿ ಕಳಿಸಿದರೆ ಅದು ತಾನೇ ಮತ್ತೆ ಕಂಪ್ರೆಸ್ ಮಾಡುತ್ತೆ.

ಕರಾವಳಿ_ಎಡಿಟರ್
ಆಕಾರದ ಹಾಗೇ ಬಣ್ಣದ ಹಣೆಪಟ್ಟಿಯೂ ತಪ್ಪಿರ್ತದೆ, ಅದನ್ನು ಯಾರೂ ಗಮನಿಸುವುದಿಲ್ಲ. ಟೇಪಿನ ಎಸ್‌ಡಿ ಚಿತ್ರದ ಬಣ್ಣ 601 ಅನ್ನುವ ಲೆಕ್ಕದಲ್ಲಿ, ಎಚ್‌ಡಿಯದ್ದು 709 ಲೆಕ್ಕದಲ್ಲಿ. ಹಣೆಪಟ್ಟಿ ಇಲ್ಲದಿದ್ದರೆ ಪ್ಲೇಯರ್ ಎತ್ತರ ನೋಡಿ ಊಹೆ ಮಾಡ್ತದೆ. 576 ಇದ್ದಾಗ ಊಹೆ ಸರಿ. ಯಾರಾದರೂ ಅದೇ ಟೇಪನ್ನು 1080ಕ್ಕೆ ಹಿಗ್ಗಿಸಿ, ಬಣ್ಣ ಪರಿವರ್ತಿಸದೆ ಕೊಟ್ಟಿದ್ದರೆ ಊಹೆ ತಪ್ಪು. ಹಣೆಯ ಕುಂಕುಮ ಕೇಸರಿ ಕಡೆಗೆ ವಾಲುತ್ತದೆ. ಉಲ್ಟಾ ಆದರೆ ಅದೇ ಕುಂಕುಮ ಕಪ್ಪಡರಿದ ಹಾಗೆ ಕಾಣ್ತದೆ. ಕಲರ್ ಕರೆಕ್ಷನ್ ಮಾಡಲಿಕ್ಕೆ ಕೂರುವ ಮೊದಲು ಇದನ್ನು ನೋಡಿ.

ಎಚ್264_ಮೆಟಾಡೇಟಾದಲ್ಲೇ ಮ್ಯಾಟ್ರಿಕ್ಸ್_ಕೋಎಫಿಶಿಯಂಟ್ಸ್ ಅಂತ ಉಂಟು. 709ಕ್ಕೆ 1, ಪಾಲ್ 601ಕ್ಕೆ 5, ಎನ್‌ಟಿಎಸ್‌ಸಿ 601ಕ್ಕೆ 6. ಎಂಕೆವಿ ಹೆಡರಿನಲ್ಲೂ ಅದೇ ಅಂಕಿಗಳು.

ಪಿಕ್ಸೆಲ್_ಪ್ರಿಯ
ರೇಂಜ್ ಬಗ್ಗೆಯೂ ಹೇಳಿ. ಅದು ತಪ್ಪಿದಾಗಲೇ ಜನ "ವಿಡಿಯೋ ಬಿಳಿಚಿಕೊಂಡಿದೆ" ಅಂತ ಬರೋದು.

ಕರಾವಳಿ_ಎಡಿಟರ್
ಹೌದು. ಟಿವಿ ರೇಂಜ್‌ನಲ್ಲಿ ಕಪ್ಪು 16, ಬಿಳಿ 235. ಫುಲ್ ರೇಂಜ್‌ನಲ್ಲಿ 0 ಮತ್ತು 255. ಟಿವಿ ರೇಂಜ್ ಚಿತ್ರಕ್ಕೆ ಫುಲ್ ಅಂತ ಚೀಟಿ ಅಂಟಿಸಿದರೆ ಕಪ್ಪು ಕೂದಲು ಬೂದಿ ಬಣ್ಣ, ಬಿಳಿ ಪಂಚೆ ಮಾಸಲು. ಫುಲ್ ಚಿತ್ರಕ್ಕೆ ಟಿವಿ ಅಂತ ಚೀಟಿ ಇದ್ದರೆ ಕಪ್ಪು ಕೋಟಿನ ಮಡಿಕೆ ಎಲ್ಲ ಮುಚ್ಚಿ ಒಂದೇ ಕಪ್ಪು, ಪಂಚೆಯ ನೆರಿಗೆ ಸುಟ್ಟ ಬಿಳಿ. ಎರಡೂ ಚೀಟಿಯದ್ದೇ ತಪ್ಪು, ಚಿತ್ರದೊಳಗೆ ವಿವರ ಹಾಗೇ ಉಂಟು. ವಿಡಿಯೋ_ಫುಲ್_ರೇಂಜ್_ಫ್ಲ್ಯಾಗ್ ಅನ್ನು 0 ಅಥವಾ 1 ಮಾಡಿ. ಎಂಕೆವಿ ಹೆಡರಿನ ಕಲರ್ ರೇಂಜ್‌ನಲ್ಲಿ ಅಂಕಿ ಬೇರೆ: ಟಿವಿಗೆ 1, ಫುಲ್‌ಗೆ 2. ಇಲ್ಲಿ ತಿರುವುಮುರುವು ಮಾಡಿಕೊಳ್ಳುವುದು ಬಹಳ ಸುಲಭ.

ಎಡಿಟಿಂಗಿಗೆ ಹಾಕುವವರಿಗೆ ಇದು ಯಾವುದೂ ಬೇಡ. ಡಾವಿಂಚಿ ರಿಸಾಲ್ವ್‌ನಲ್ಲಿ ಕ್ಲಿಪ್ ಆಟ್ರಿಬ್ಯೂಟ್ಸ್ ತೆರೆದರೆ ಪಿಕ್ಸೆಲ್ ಆಸ್ಪೆಕ್ಟ್, ಡೇಟಾ ಲೆವೆಲ್ಸ್ ಎರಡೂ ಅಲ್ಲೇ. ಪ್ರೀಮಿಯರ್‌ನಲ್ಲಿ ಪಿಕ್ಸೆಲ್ ಆಕಾರಕ್ಕೆ ಇಂಟರ್‌ಪ್ರೆಟ್ ಫುಟೇಜ್.

ನ್ಯೂಜೆರ್ಸಿ_ನಾಗು
ಎಚ್‌ಡಿವಿ ಟೇಪಿನ 1440×1080 ಫೈಲ್‌ಗಳೂ ಇದೇ ಸಾಲಿಗೆ ಬರುತ್ತವೆ. ಪಿಕ್ಸೆಲ್ 4:3, ತೋರಿಸಬೇಕಾದ್ದು 1920×1080. ಕಂಟೇನರ್ ಬದಲಿಸುವಾಗ ಆ ಅಂಕಿ ಬಿದ್ದು ಹೋದರೆ ಚಿತ್ರ 4:3 ಆಗಿ ಅದುಮಿದಂತೆ ಕಾಣುತ್ತೆ. ಅದು ಎಂಪೆಗ್-2, ಫಿಲ್ಟರ್ ಹೆಸರು ಎಂಪೆಗ್2_ಮೆಟಾಡೇಟಾ. ಅಲ್ಲಿ ಪಿಕ್ಸೆಲ್ ಅಂಕಿ ಅಲ್ಲ, ನೇರ 16/9 ಅಂತಲೇ ಕೊಡಬೇಕು.

ಮೈಸೂರು_ಟೇಪುಗಾರ
ಡಿವಿಡಿಯ ವಿಒಬಿ ಫೈಲಿಗೂ ಅದೇ ಫಿಲ್ಟರ್. ಆದರೆ ಡಿವಿಡಿಯಾಗಿಯೇ ಪ್ಲೇ ಮಾಡೋದಾದರೆ ಐಎಫ್‌ಒ ಫೈಲಿನಲ್ಲೂ ಆಕಾರ ಬರೆದಿರುತ್ತೆ, ಅದನ್ನು ಐಎಫ್‌ಒಎಡಿಟ್‌ನಲ್ಲಿ ಬೇರೆಯಾಗಿ ತಿದ್ದಬೇಕು. ಒಂದನ್ನು ಬಿಟ್ಟರೆ ಕಂಪ್ಯೂಟರಿನಲ್ಲಿ ಒಂದು ಥರ, ಡಿವಿಡಿ ಪ್ಲೇಯರಿನಲ್ಲಿ ಇನ್ನೊಂದು ಥರ. ಹಳೆ ಎಕ್ಸ್‌ವಿಡ್ ಎವಿಐ ಇದ್ದರೆ ಎಂಪೆಗ್4 ಮಾಡಿಫೈಯರ್ ಅನ್ನೋ ಪುಟ್ಟ ತಂತ್ರಾಂಶ ಇದೆ, ಪಿಕ್ಸೆಲ್ ಆಕಾರ ಬದಲಿಸಿ ಸೇವ್ ಮಾಡುತ್ತೆ. ಎವಿಐ ಡಬ್ಬಿಯ ಮೇಲೆ ಬರೆದದ್ದನ್ನು ನಂಬಬೇಡಿ, ಬಹಳಷ್ಟು ಪ್ಲೇಯರ್ ಓದಲ್ಲ.

ಸಾಗರದ_ಶ್ರೀಧರ
ಒಂದು ಫೈಲ್ ಮಾಡಿ ಟಿವಿಯಲ್ಲಿ ನೋಡಿದೆ, ಎಂಪಿ4 ಆಗಿ ಎರಡೂ ಕಡೆ ತಿದ್ದಿದ್ದು ಸರಿಯಾಗಿ 16:9 ಬಂತು. ಡಬ್ಬಿ ಮಾತ್ರ ತಿದ್ದಿದ ಪ್ರತಿ ಅದೇ ಟಿವಿಯಲ್ಲಿ 4:3! ಕಾವ್ಯ ಮೇಡಂ ಹೇಳಿದ ಹಾಗೇ. ಈಗ ಉಳಿದ 31 ಫೈಲಿಗೆ ಒಂದೊಂದೇ ಟೈಪ್ ಮಾಡಬೇಕಾ? ಕಂಪ್ಯೂಟರ್ ವಿಂಡೋಸ್.

ಧಾರವಾಡದ_ವೀರು
ಬ್ಯಾಚ್ ಫೈಲ್ ಮಾಡ್ರಿ. ನೋಟ್‌ಪ್ಯಾಡ್‌ನ್ಯಾಗ ಒಂದ ಸಾಲು: ಫಾರ್ ಲೂಪ್ ಹಚ್ಚಿ, ಆ ಫೋಲ್ಡರಿನ್ಯಾಗಿನ ಎಲ್ಲಾ ಎಂಪಿ4ಕ್ಕೂ ಅದ ಆಜ್ಞೆ ಓಡ್ಲಿ, ಹೊಸ ಫೈಲ್ "ಸರಿ" ಅನ್ನೂ ಬ್ಯಾರೆ ಫೋಲ್ಡರಿಗೆ ಹೋಗ್ಲಿ. ಎರಡು ಮಾತು ನೆನಪಿಟ್ಕೋರಿ. ಬ್ಯಾಚ್ ಫೈಲಿನ್ಯಾಗ ಐ ಅಕ್ಷರದ ಹಿಂದ ಪರ್ಸೆಂಟ್ ಗುರುತು ಎರಡು ಸಲ ಬೇಕು, ಕಿಟಕ್ಯಾಗ ನೇರ ಟೈಪ್ ಮಾಡಿದ್ರ ಒಂದ ಸಲ. ಫೈಲ್ ಹೆಸರಿನ್ಯಾಗ ಖಾಲಿ ಜಾಗ ಇದ್ರ ಎರಡೂ ಹೆಸರಿಗೆ ಉದ್ಧರಣ ಚಿಹ್ನೆ ಹಾಕ್ರಿ, ಇಲ್ಲಾಂದ್ರ "ಮದುವೆ ಭಾಗ 2" ಮೂರು ಫೈಲ್ ಆಗ್ತದ. ಮತ್ತ ಆ ಕಪ್ಪು ಪಟ್ಟಿ 11 ಫೈಲ್ ಮದಲ ಬ್ಯಾರೆ ಫೋಲ್ಡರಿಗೆ ತೆಗದಿಡ್ರಿ.

ಕರಾವಳಿ_ಎಡಿಟರ್
ಪೆನ್‌ಡ್ರೈವ್ ಫ್ಯಾಟ್32 ಆಗಿದ್ದರೆ 4 ಜಿಬಿ ಮೀರಿದ ಫೈಲ್ ಹಿಡಿಸುವುದಿಲ್ಲ. ಟಿವಿ ಎಕ್ಸ್‌ಫ್ಯಾಟ್ ಓದಿದರೆ ಹಾಗೆ ಫಾರ್ಮ್ಯಾಟ್ ಮಾಡಿ. ಇಲ್ಲವಾದರೆ ಎಂಕೆವಿಟೂಲ್‌ನಿಕ್ಸ್‌ನ ಔಟ್‌ಪುಟ್ ಪುಟದಲ್ಲಿ 3900 ಎಂಬಿಗೆ ತುಂಡು ಮಾಡುವ ಆಯ್ಕೆ ಕೊಡಿ, ಅದೂ ಎನ್‌ಕೋಡ್ ಇಲ್ಲದೆ.

ಸಾಗರದ_ಶ್ರೀಧರ
32 ಫೈಲ್ ಮುಗಿದವು, ಎಲ್ಲಾ ಸೇರಿ ಅರ್ಧ ಗಂಟೆಯೂ ಆಗಲಿಲ್ಲ. ಕಪ್ಪು ಪಟ್ಟಿಯ 11ರಲ್ಲಿ 10 ಸರಿಹೋದವು. ಒಂದರಲ್ಲಿ ಮಾತ್ರ ಮೇಲೆ ಸಣ್ಣ ಕಪ್ಪು ಗೆರೆ ಉಳಿದಿದೆ, ಪಟ್ಟಿ ಮೇಲೆ 76, ಕೆಳಗೆ 68 ಇದ್ದ ಹಾಗಿದೆ.

ಕೋಡೆಕ್_ಕಾವ್ಯ
ಎರಡೂ 4ರ ಗುಣಕಗಳೇ, ಮೂಲ ಫೈಲಿನಿಂದ 76 ಮತ್ತು 68 ಅಂತಲೇ ಕೊಡಿ. ಒಟ್ಟು 144 ಆಗಿರೋದರಿಂದ 432 ಮತ್ತು 768 ಬದಲಾಗಲ್ಲ.

ಹಳೆಯದನ್ನು ಅಳಿಸೋ ಮುಂಚೆ ಒಂದು ತಾಳೆ ನೋಡಿ. ಎಫ್ಎಫ್ಎಂಪೆಗ್‌ಗೆ ಹಳೆ ಫೈಲ್ ಕೊಟ್ಟು, ಮ್ಯಾಪ್ 0:ವಿ, ಫಾರ್ಮ್ಯಾಟ್ ಎಂಡಿ5, ಔಟ್‌ಪುಟ್ ಜಾಗದಲ್ಲಿ ಬರೀ ಒಂದು ಹೈಫನ್. ಈ ಸಲ "ಸಿ ಕಾಪಿ" ಹಾಕಬೇಡಿ. ಆಗ ಪ್ರತಿ ಫ್ರೇಮನ್ನೂ ಬಿಡಿಸಿ 32 ಅಕ್ಷರದ ಮೊತ್ತ ಕೊಡುತ್ತೆ. ಹೊಸ ಫೈಲಿಗೂ ಅದೇ ಮಾಡಿ. ಎರಡೂ ಒಂದೇ ಬಂದರೆ ಒಂದು ಪಿಕ್ಸೆಲ್ ಕೂಡ ಬದಲಾಗಿಲ್ಲ. ಕ್ರಾಪ್ ಮಾಡಿದ 11ಕ್ಕೆ ಇದು ಹೊಂದಲ್ಲ, ಅಲ್ಲಿ ಸಾಲುಗಳೇ ಕಮ್ಮಿಯಾಗಿವೆ.

ಸಾಗರದ_ಶ್ರೀಧರ
76, 68 ಕೊಟ್ಟೆ, ಗೆರೆ ಹೋಯಿತು. ಎಂಡಿ5 ಐದು ಫೈಲಿಗೆ ನೋಡಿದೆ, ಐದೂ ಅಕ್ಷರಕ್ಕೆ ಅಕ್ಷರ ಒಂದೇ. ಉಳಿದ 27ಕ್ಕೆ ವೀರು ಅವರ ಲೂಪಿನಲ್ಲೇ ಹಾಕಿ ಓಡಿಸ್ತಾ ಇದ್ದೀನಿ. ಟೇಪ್ ಇಳಿಸಿದವರಿಗೆ ಫೋನ್ ಮಾಡಿದ್ದೆ, ಮೂಲ ಡಿವಿ ಫೈಲ್ ಇನ್ನೂ ಅಳಿಸಿಲ್ಲವಂತೆ. ಟೇಪುಗಾರ್ ಸರ್, ಎಷ್ಟು ದೊಡ್ಡ ಡಿಸ್ಕ್ ಒಯ್ಯಲಿ? ಒಟ್ಟು 38 ಗಂಟೆ ಇದೆ.

ಮೈಸೂರು_ಟೇಪುಗಾರ
38 × 13, ಸುಮಾರು 500 ಜಿಬಿ. 1 ಟಿಬಿ ಒಯ್ಯಿರಿ, ಎನ್‌ಟಿಎಫ್‌ಎಸ್ ಫಾರ್ಮ್ಯಾಟ್ ಮಾಡಿಕೊಂಡು ಹೋಗಿ. ಎವಿಐ ಆಗಿ ಕೊಟ್ಟರೆ ಹಾಗೇ ಇಸ್ಕೊಳ್ಳಿ, ಅಲ್ಲೇ ಯಾವುದನ್ನೂ ಪರಿವರ್ತನೆ ಮಾಡಿಸಬೇಡಿ.